ಬಂಡೆಯ ಬಣ್ಣ ಓತಿಕ್ಯಾತಕ್ಕೆ ಬಂದಿದ್ದು ಹೇಗೆ?

ಈ ಸಲದ ಪ್ರಶ್ನೆಗಳೆಲ್ಲ ಚಿತ್ರದುರ್ಗ, ದಾವಣಗೆರೆ ಕಡೆಯಿಂದಲೇ ಬಂದಿವೆ. ಒಬ್ಬರು ಕೋಟೆಯ ಓತಿಕ್ಯಾತದ ಬಗ್ಗೆ ಕೇಳಿದ್ದಾರೆ, ಇನ್ನೊಬ್ಬರು ಕುರಿ ಬಗ್ಗೆ, ಮತ್ತೊಬ್ಬರು ಹತ್ತಿಯ ಹುಳದ ಬಗ್ಗೆ. ಆದರೆ ಎಲ್ಲರ ಮನಸ್ಸಿನಲ್ಲೂ ಇರುವ ಅನುಮಾನ ಒಂದೇ. ಪರಿಸರಕ್ಕೆ ತಕ್ಕ ಹಾಗೆ ಪ್ರಾಣಿ ತಾನೇ ತನ್ನನ್ನು ಬದಲಾಯಿಸಿಕೊಳ್ಳುತ್ತದೆಯೇ ಅಂತ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಕೋಟೆಯ ಬಂಡೆಗಳ ಮೇಲೆ ಕೂರುವ ಓತಿಕ್ಯಾತಗಳು ಥೇಟ್ ಬಂಡೆಯ ಬಣ್ಣದವೇ. ಹತ್ತಿರ ಹೋಗುವ ತನಕ ಕಾಣೋದೇ ಇಲ್ಲ. ಬಂಡೆಯ ಮೇಲೆ ಇದ್ದೂ ಇದ್ದೂ ಅವಕ್ಕೆ ಆ ಬಣ್ಣ ಬಂತಾ? ಹಾಗಿದ್ರೆ ಕೆಲವು ಮಾತ್ರ ಕೆಂಪಗೆ ಯಾಕೆ ಆಗ್ತವೆ?
*— ಪಿಯುಸಿ ವಿದ್ಯಾರ್ಥಿನಿ, ಚಿತ್ರದುರ್ಗ*

ಉತ್ತರ: ಬಂಡೆಯ ಮೇಲೆ ಎಷ್ಟು ಕಾಲ ಕೂತರೂ ಬಂಡೆಯ ಬಣ್ಣ ಓತಿಗೆ ಅಂಟುವುದಿಲ್ಲ. 'ನಾನು ಈ ಬಣ್ಣ ಆದರೆ ಬಚಾವ್' ಅನ್ನುವ ಯೋಚನೆಯೂ ಓತಿಗೆ ಇಲ್ಲ. ಅಲ್ಲಿ ಕೆಲಸ ಮಾಡುವುದು ಗಿಡುಗ, ಕಾಗೆ, ಹಾವು.

ನೀವು ನೋಡಿದ್ದು ದಕ್ಷಿಣ ಭಾರತದ ಬಂಡೆ ಓತಿ. ಮುಂದಿನ ಸಲ ಕೋಟೆ ಹತ್ತಿದಾಗ ಒಂದು ಹೆಣ್ಣನ್ನೋ ಮರಿಯನ್ನೋ ನಿಧಾನವಾಗಿ ಗಮನಿಸಿ. ಮೈ ಕಂದು ಬೂದು. ಅದರ ಮೇಲೆ ತಿಳಿ ಮಚ್ಚೆ, ಗಾಢ ಮಚ್ಚೆ ಎರಡೂ ಹರಡಿವೆ. ಕಲ್ಲಿನಲ್ಲೂ ಹಾಗೇ ಅಲ್ವಾ? ಬಿಳಿ ಕಣ, ಕಪ್ಪು ಕಣ, ನಡುವೆ ಬೂದು. ಅಪಾಯ ಅನ್ನಿಸಿದ ಕೂಡಲೇ ಓತಿ ಹೊಟ್ಟೆಯನ್ನು ಕಲ್ಲಿಗೆ ಒತ್ತಿ ಚಪ್ಪಟೆಯಾಗುತ್ತದೆ. ಆಗ ಅದರ ನೆರಳೂ ಕಾಣುವುದಿಲ್ಲ.

ಈಗ ಒಂದು ಓತಿ ಮೊಟ್ಟೆ ಇಟ್ಟು ಮರಿಗಳು ಹೊರಬಂದವು ಅಂದುಕೊಳ್ಳಿ. ಎಲ್ಲ ಮರಿಗಳೂ ಒಂದೇ ಥರ ಇರುವುದಿಲ್ಲ. ಒಂದರ ಬಣ್ಣ ಕೊಂಚ ಗಾಢ, ಇನ್ನೊಂದರದ್ದು ತಿಳಿ, ಮತ್ತೊಂದರ ಮಚ್ಚೆ ದೊಡ್ಡದು. ಈ ವ್ಯತ್ಯಾಸ ಹುಟ್ಟಿನಿಂದಲೇ ಬರುತ್ತದೆ. ಬಹುಪಾಲು ಅಪ್ಪ ಅಮ್ಮನ ಜೀನ್‌ಗಳು ಹೊಸ ಹೊಸ ರೀತಿಯಲ್ಲಿ ಸೇರಿದ್ದರಿಂದ, ಅಪರೂಪಕ್ಕೊಮ್ಮೆ ಜೀನ್‌ನಲ್ಲೇ ಆದ ಹೊಸ ಬದಲಾವಣೆಯಿಂದ. ಆ ಬದಲಾವಣೆಗೆ ಗೊತ್ತು ಗುರಿ ಇಲ್ಲ. ಉಪಯೋಗಕ್ಕೆ ಬರಬಹುದು, ತೊಂದರೆ ಕೊಡಬಹುದು, ಏನೂ ಆಗದೆಯೂ ಇರಬಹುದು. ಕಲ್ಲಿನ ಮೇಲೆ ಎದ್ದು ಕಾಣುವ ಮರಿ ಗಿಡುಗದ ಕಣ್ಣಿಗೆ ಬೇಗ ಬೀಳುತ್ತದೆ. ಕಾಣದ್ದು ಉಳಿದು, ಬೆಳೆದು, ಮೊಟ್ಟೆ ಇಡುತ್ತದೆ. ಮುಂದಿನ ತಲೆಮಾರಿನಲ್ಲಿ ಕಲ್ಲಿಗೆ ಹೊಂದುವ ಮರಿಗಳ ಪಾಲು ಸ್ವಲ್ಪ ಜಾಸ್ತಿ. ಇದು ಸಾವಿರಾರು ತಲೆಮಾರು ನಡೆದರೆ? ನಿಮಗೆ ಕಂಡ ಓತಿ.

ಇದಕ್ಕೇ ನೈಸರ್ಗಿಕ ಆಯ್ಕೆ ಅನ್ನುವುದು. ಪರಿಸರ ಇಲ್ಲಿ ಜರಡಿ ಇದ್ದ ಹಾಗೆ. ಜರಡಿ ಕಾಳನ್ನು ದಪ್ಪ ಮಾಡುವುದಿಲ್ಲ. ಇರುವ ಕಾಳಿನಲ್ಲಿ ಯಾವುದು ಉಳಿಯಬೇಕು ಅನ್ನುವುದನ್ನಷ್ಟೇ ತೀರ್ಮಾನ ಮಾಡುತ್ತದೆ. ಒಂದು ಓತಿ ಬದಲಾಗುವುದಿಲ್ಲ, ಓತಿಗಳ ಸಮೂಹ ಬದಲಾಗುತ್ತದೆ. ಪರೀಕ್ಷೆಗೆ ಓದುವಾಗ ಈ ಒಂದು ವಾಕ್ಯವನ್ನು ದಯವಿಟ್ಟು ಗಟ್ಟಿ ಮಾಡಿಕೊಳ್ಳಿ.

'ಸಾವಿರಾರು ತಲೆಮಾರು' ಅಂದರೆ ಯಾರು ನೋಡಿದವರು ಅಂತ ಕೇಳಬಹುದು. ನೋಡಿದವರಿದ್ದಾರೆ. ಅದೂ ಒಂದೇ ಬರಗಾಲದಲ್ಲಿ. ಬರ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ, ಹಾಗಾಗಿ ಈ ಕತೆಯನ್ನು ಪೂರ್ತಿ ಹೇಳುತ್ತೇನೆ.

ಪೆಸಿಫಿಕ್ ಸಾಗರದ ಗೆಲಾಪಗೋಸ್ ದ್ವೀಪಗಳಲ್ಲಿ ಡಾಫ್ನೆ ಮೇಜರ್ ಅನ್ನುವ ಪುಟ್ಟ ದ್ವೀಪವಿದೆ. ಪೀಟರ್ ಗ್ರಾಂಟ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ದಶಕಗಟ್ಟಲೆ ಅಲ್ಲಿನ ಫಿಂಚ್ ಹಕ್ಕಿಗಳ ಬೆನ್ನು ಬಿದ್ದರು. ಹಕ್ಕಿ ಹಿಡಿಯುವುದು, ಕೊಕ್ಕು ಅಳೆಯುವುದು, ಗುರುತಿಗೆ ಕಾಲಿಗೆ ಬಳೆ ಹಾಕಿ ಬಿಡುವುದು. 1977ರಲ್ಲಿ ಅಲ್ಲಿ ಮಳೆ ಕೈಕೊಟ್ಟಿತು. ಸಣ್ಣ, ಮೆದು ಬೀಜಗಳು ಬೇಗ ಮುಗಿದುಹೋದವು. ಉಳಿದದ್ದು ದಪ್ಪ, ಗಟ್ಟಿ ಬೀಜಗಳು. ಅದರಲ್ಲಿ ಮುಖ್ಯವಾದದ್ದು ಯಾವುದು ಗೊತ್ತಾ? ನಮ್ಮ ಹೊಲದ ಬದುವಿನಲ್ಲಿ ಹರಡಿ ಕಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳಿದೆಯಲ್ಲ, ಅದರ ಹತ್ತಿರದ ಸಂಬಂಧಿ ಗಿಡವೊಂದರ ಕಾಯಿ. ಒಂದು ನೆಗ್ಗಿಲು ಕಾಯಿಯನ್ನು ಬೆರಳಲ್ಲಿ ಹಿಡಿದು ಬಿಡಿಸಲು ನೋಡಿ. ಹಕ್ಕಿಯ ಕಷ್ಟ ಏನು ಅಂತ ತಿಳಿಯುತ್ತದೆ.

ದಪ್ಪ ಕೊಕ್ಕಿನ ಹಕ್ಕಿ ಅದನ್ನು ಒಡೆದು ಬೀಜ ತಿಂದಿತು. ಸಣ್ಣ ಕೊಕ್ಕಿನದ್ದು ಒಡೆಯಲಾರದೆ ಸತ್ತಿತು. ಎರಡರ ಕೊಕ್ಕಿಗೂ ಇದ್ದ ವ್ಯತ್ಯಾಸ ಬರಿಗಣ್ಣಿಗೆ ಕಾಣದಷ್ಟು, ಮಿಲಿಮೀಟರಿನ ಒಂದು ಭಾಗ ಅಷ್ಟೆ. ಸುಮಾರು 1200 ಇದ್ದ ಮಧ್ಯಮ ಗಾತ್ರದ ನೆಲ ಫಿಂಚ್‌ಗಳಲ್ಲಿ ಬದುಕಿ ಉಳಿದದ್ದು 180ರ ಆಸುಪಾಸು. ಅವುಗಳ ಮರಿಗಳ ಕೊಕ್ಕು ಅಳೆದಾಗ, ಬರಕ್ಕೆ ಮುಂಚಿನ ಸರಾಸರಿಗಿಂತ ಶೇಕಡಾ 4ರಷ್ಟು ದಪ್ಪ ಇತ್ತು. ಯಾವ ಹಕ್ಕಿಯ ಕೊಕ್ಕೂ ಬೀಜ ಒಡೆದೂ ಒಡೆದೂ ದಪ್ಪ ಆಗಿರಲಿಲ್ಲ. ದಪ್ಪ ಇದ್ದವು ಮಾತ್ರ ಮರಿ ಮಾಡಲು ಉಳಿದಿದ್ದವು.

ಕತೆ ಅಲ್ಲಿಗೇ ಮುಗಿಯಲಿಲ್ಲ. 1983ರಲ್ಲಿ, ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊದಿಂದ ಅದೇ ದ್ವೀಪದಲ್ಲಿ ಭಾರಿ ಮಳೆ ಸುರಿಯಿತು. ಬಳ್ಳಿ, ಹುಲ್ಲು ಬೆಳೆದು ಎಲ್ಲೆಲ್ಲೂ ಸಣ್ಣ ಬೀಜ. ಆಮೇಲೆ ಬಂದ ಒಣ ದಿನಗಳಲ್ಲಿ ಗೆದ್ದದ್ದು ಸಣ್ಣ ಕೊಕ್ಕಿನ ಹಕ್ಕಿಗಳು. ಅಂದರೆ 'ಒಳ್ಳೆಯ ಕೊಕ್ಕು' ಅಂತ ಒಂದು ಇಲ್ಲವೇ ಇಲ್ಲ. ಆ ವರ್ಷಕ್ಕೆ, ಆ ಜಾಗಕ್ಕೆ ಒದಗುವ ಕೊಕ್ಕು ಅಂತ ಇದೆ.

ಬಣ್ಣದ ವಿಷಯಕ್ಕೂ ಇಷ್ಟೇ ಗಟ್ಟಿ ಉದಾಹರಣೆ ಇದೆ. ಅಮೆರಿಕದ ಅರಿಜೋನಾದಲ್ಲಿ ತಿಳಿ ಬಣ್ಣದ ಮರುಭೂಮಿಯ ನಡುವೆ ಅಲ್ಲಲ್ಲಿ ಕಪ್ಪು ಲಾವಾ ಕಲ್ಲಿನ ಹಾಸು. ತಿಳಿ ನೆಲದಲ್ಲಿ ತಿಳಿ ಬಣ್ಣದ ಪುಟ್ಟ ಇಲಿ, ಕಪ್ಪು ಕಲ್ಲಿನಲ್ಲಿ ಅದೇ ಜಾತಿಯ ಕಪ್ಪು ಇಲಿ. ಗೂಬೆ ಹಿಡಿಯುವುದು ಎದ್ದು ಕಾಣುವುದನ್ನು. ಈ ಕಪ್ಪಿಗೆ ಕಾರಣ ಎಂಸಿ1ಆರ್ ಅನ್ನುವ ಜೀನ್‌ನಲ್ಲಿ ಆದ ಬದಲಾವಣೆ ಅಂತ 2003ರಲ್ಲಿ ಗೊತ್ತಾಯಿತು. ನನಗೆ ತುಂಬ ಇಷ್ಟವಾಗುವ ಸಂಗತಿ ಇದರ ಮುಂದಿನದು: ಪಕ್ಕದ ನ್ಯೂ ಮೆಕ್ಸಿಕೊದ ಲಾವಾ ಕಲ್ಲಿನಲ್ಲೂ ಅದೇ ಜಾತಿಯ ಕಪ್ಪು ಇಲಿಗಳಿವೆ, ಆದರೆ ಅವುಗಳ ಕಪ್ಪಿಗೆ ಈ ಜೀನ್ ಕಾರಣವಲ್ಲ. ಕಲ್ಲು ಎರಡೂ ಕಡೆ ಒಂದೇ, ಗೂಬೆಯ ಕಣ್ಣೂ ಒಂದೇ. ಆದರೆ ಆಯ್ಕೆಗೆ ಸಿಕ್ಕ ಸಾಮಗ್ರಿ ಬೇರೆ. ಪರಿಸರವೇ ಇಲಿಗೆ ಬಣ್ಣ ಬಳಿಯುವುದಾಗಿದ್ದರೆ ಹೀಗಾಗಲು ಕಾರಣವೇ ಇರಲಿಲ್ಲ.

ಇನ್ನು ಕೆಂಪು ಓತಿ. ಅವು ವಯಸ್ಸಿಗೆ ಬಂದ ಗಂಡುಗಳು. ಜೋಡಿಯಾಗುವ ಕಾಲದಲ್ಲಿ ಬೆನ್ನು ಕೆಂಪು ಅಥವಾ ಕಿತ್ತಳೆ, ಪಕ್ಕೆ ಕಪ್ಪು. ಎತ್ತರದ ಬಂಡೆಯ ತುದಿಗೇ ಹತ್ತಿ, ಮುಂಗಾಲೂರಿ ದಂಡ ಹೊಡೆಯುತ್ತವೆ. ಅಡಗಿದರೆ ಬದುಕು ಅನ್ನುವುದಾದರೆ ಇದು ಹುಚ್ಚಾಟ ಅಲ್ವಾ? ಆದರೆ ಆಯ್ಕೆಯ ಲೆಕ್ಕದಲ್ಲಿ ಬರೀ ಬದುಕುವುದು ಸಾಲದು, ಮರಿ ಬಿಟ್ಟು ಹೋಗಬೇಕು. ಯಾರ ಕಣ್ಣಿಗೂ ಬೀಳದೆ, ಹೆಣ್ಣಿನ ಕಣ್ಣಿಗೂ ಬೀಳದೆ ಬಹುಕಾಲ ಬದುಕಿದ ಗಂಡಿನ ಜೀನ್ ಅದರ ಜೊತೆಗೇ ಹೋಗುತ್ತದೆ. ಒಂದು ಕಡೆ ಗಿಡುಗ ಎಳೆಯುತ್ತದೆ, ಇನ್ನೊಂದು ಕಡೆ ಹೆಣ್ಣು ಎಳೆಯುತ್ತದೆ. ವರ್ಷವಿಡೀ ಕೆಂಪಗೆ ಇರದೆ ಆ ಕಾಲಕ್ಕೆ ಮಾತ್ರ ಕೆಂಪಾಗುವುದು ಈ ಎಳೆದಾಟದ ನಡುವೆ ಸಿಕ್ಕ ದಾರಿ. ಹೆಣ್ಣಿನ ಆಯ್ಕೆಯೂ ಪ್ರಾಣಿಯ ರೂಪವನ್ನು ತಿದ್ದುತ್ತದೆ ಅಂತ ಡಾರ್ವಿನ್ 1871ರಲ್ಲೇ ವಿವರವಾಗಿ ಬರೆದಿದ್ದರು.

ಇಲ್ಲೊಂದು ಎಚ್ಚರಿಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದೇ ಓತಿಯನ್ನು ಅಧ್ಯಯನ ಮಾಡಿದ್ದಾರೆ. ಹೆಣ್ಣು ಎದುರಾದರೆ ಗಂಡಿನ ಬೆನ್ನು ಕೆಂಪೇರಿ ಪಕ್ಕೆ ಕಪ್ಪಾಗುತ್ತದೆ. ಇನ್ನೊಂದು ಗಂಡು ಎದುರಾದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಎಲ್ಲ ಕಣ್ಣೆದುರೇ, ಸ್ವಲ್ಪ ಹೊತ್ತಿನಲ್ಲೇ. ಇದು ಆ ಒಂದು ಓತಿಯ ಚರ್ಮದಲ್ಲಿ ನಡೆಯುವ ಕೆಲಸ, ನೈಸರ್ಗಿಕ ಆಯ್ಕೆ ಅಲ್ಲ. ಹೀಗೆ ಬಣ್ಣ ಬದಲಿಸುವ ಶಕ್ತಿ ಅದಕ್ಕೆ ಹುಟ್ಟಿನಿಂದ ಬಂದಿದೆಯಲ್ಲ, ಆ ಶಕ್ತಿ ಆಯ್ಕೆಯಿಂದ ಬಂದದ್ದು. ಎರಡನ್ನೂ ಒಂದೇ ಅಂದುಕೊಂಡರೆ ಎಲ್ಲ ಕಲಸುಮೇಲೋಗರ ಆಗುತ್ತದೆ.

ಪ್ರಶ್ನೆ: ನಾವು ಕುರಿ ಸಾಕೋರು. ನಮ್ಮ ನಾಟಿ ಕರಿ ಕುರಿ ಉರಿ ಬಿಸಿಲಲ್ಲೂ ಮೇಯ್ತವೆ. ತಂಪು ಸೀಮೆಯಿಂದ ತಂದ ಟಗರು ಹೊತ್ತೇರೋ ಹೊತ್ತಿಗೇ ತೇಕುತ್ತೆ. ಇಲ್ಲೇ ಇಟ್ಕೊಂಡ್ರೆ ನಿಧಾನಕ್ಕೆ ಒಗ್ಗಿ, ಅದಕ್ಕೆ ಹುಟ್ಟೋ ಮರಿಗಳೂ ಒಗ್ಗಿದ ಮರಿಗಳೇ ಆಗ್ತವಾ?
*— ಕುರಿ ಸಾಕಣೆದಾರ, ಚಳ್ಳಕೆರೆ ತಾಲ್ಲೂಕು*

ಉತ್ತರ: ಟಗರು ಸ್ವಲ್ಪ ಮಟ್ಟಿಗೆ ಒಗ್ಗುತ್ತದೆ. ಕೆಲವು ವಾರಗಳಲ್ಲಿ ಅದರ ಉಸಿರಾಟ, ನೀರು ಕುಡಿಯುವ ರೀತಿ, ಮೇಯುವ ಹೊತ್ತು ಎಲ್ಲ ಕೊಂಚ ಬದಲಾಗುತ್ತವೆ. ಆದರೆ ಹಾಗೆ ಒಗ್ಗಿದ್ದು ಮರಿಗೆ ದಾಟುವುದಿಲ್ಲ. ಟಗರು ಹುಟ್ಟುವಾಗ ಏನು ಹೊತ್ತು ತಂದಿತ್ತೋ ಅದೇ ಮರಿಗೆ ಹೋಗುತ್ತದೆ.

ನಿಮಗೆ ಉಪಯೋಗ ಆಗುವ ಮಾತು ಬೇರೆ ಇದೆ. ಆ ಟಗರಿಗೂ ನಿಮ್ಮ ನಾಟಿ ಕುರಿಗೂ ಹುಟ್ಟಿದ ಮರಿಗಳು ಒಂದೇ ಥರ ಇರುವುದಿಲ್ಲ. ಕೆಲವಕ್ಕೆ ತಾಯಿಯ ತಾಳಿಕೆ ಬಂದಿರುತ್ತದೆ, ಕೆಲವಕ್ಕೆ ಇಲ್ಲ. ಬೇಸಿಗೆಯಲ್ಲಿ ಯಾವ ಮರಿ ಹಿಂಡಿನ ಜೊತೆ ಸಮನಾಗಿ ಮೇಯುತ್ತದೆ, ಯಾವುದು ನೆರಳು ಹುಡುಕುತ್ತದೆ ಅಂತ ನಿಮ್ಮಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ತಾಳಿದ್ದನ್ನೇ ಬೀಜದ ಟಗರಾಗಿ ಉಳಿಸಿಕೊಂಡು ಹೋದರೆ ಕೆಲವು ತಲೆಮಾರಿನಲ್ಲಿ ಹಿಂಡು ಬದಲಾಗುತ್ತದೆ. ಬರ ಮಾಡುವ ಕೆಲಸವನ್ನು ಇಲ್ಲಿ ನೀವು ಮಾಡುತ್ತೀರಿ. ವ್ಯತ್ಯಾಸ ಒಂದೇ, ಬರ ಮಾಡಿದರೆ ಅರ್ಧ ಹಿಂಡು ಸಾಯುತ್ತದೆ. ಡಾರ್ವಿನ್ 1859ರ ತಮ್ಮ ಪುಸ್ತಕವನ್ನು ಶುರು ಮಾಡಿದ್ದೂ ಸಾಕುಪ್ರಾಣಿ, ಪಾರಿವಾಳಗಳ ತಳಿ ಆಯ್ಕೆಯಿಂದಲೇ.

ನಿಮ್ಮ ತಾಲ್ಲೂಕಿನಲ್ಲೇ ಮನುಷ್ಯನ ಆಯ್ಕೆ, ನೈಸರ್ಗಿಕ ಆಯ್ಕೆ ಎರಡೂ ಕೂಡಿ ಕೆಲಸ ಮಾಡಿದ ಉದಾಹರಣೆ ಇದೆ: ಅಮೃತ್ ಮಹಲ್ ದನ. ಮೈಸೂರು ಅರಸರ ಕಾಲದಿಂದ ಸೈನ್ಯದ ಸಾಮಾನು ಎಳೆಯಲು ಆರಿಸಿ ಬೆಳೆಸಿದ ತಳಿ. ಓಟ, ತಾಳಿಕೆ ನೋಡಿ ಆರಿಸಿದ್ದು ಮನುಷ್ಯ. ಆದರೆ ಅವು ಬೆಳೆದದ್ದು ಕೊಟ್ಟಿಗೆಯಲ್ಲಲ್ಲ, ಬಯಲು ಕಾವಲುಗಳಲ್ಲಿ, ಅಂದರೆ ಮೇವಿಗೆ ಮೀಸಲಿಟ್ಟ ಹುಲ್ಲುಗಾವಲುಗಳಲ್ಲಿ. ಮಳೆ ಕಡಿಮೆಯಾದ ವರ್ಷ ಒಣ ಹುಲ್ಲು ಮೇಯ್ದು ಉಳಿದ ಹಸುವೇ ಮುಂದಿನ ಕರು ಹಾಕಿತು. ಹಾಗಾಗಿ ಆ ದನದ ಗಟ್ಟಿತನದಲ್ಲಿ ಅರಸರ ಪಾಲು ಎಷ್ಟಿದೆಯೋ ಕಾವಲಿನ ಪಾಲೂ ಅಷ್ಟೇ ಇದೆ ಅಂತ ನಾನು ನಂಬುತ್ತೇನೆ. ಕಾವಲುಗಳನ್ನು ಕಳೆದುಕೊಂಡು ತಳಿ ಉಳಿಸುತ್ತೇವೆ ಅನ್ನುವುದು ಅದಕ್ಕೇ ನನಗೆ ಒಪ್ಪಿಗೆಯಾಗದ ಮಾತು.

ಪ್ರಶ್ನೆ: ಕೃಷ್ಣಮೃಗ ಓಡುವುದರಲ್ಲಿ ಎತ್ತಿದ ಕೈ. ನಮ್ಮ ರಂಗಯ್ಯನದುರ್ಗದ ಕೊಂಡುಕುರಿ ಯಾಕೆ ಅಷ್ಟು ಓಡಲ್ಲ? ಅದು ಇನ್ನೂ ಪೂರ್ತಿ ವಿಕಾಸ ಆಗಿಲ್ವಾ?
*— 9ನೇ ತರಗತಿ ವಿದ್ಯಾರ್ಥಿ, ಜಗಳೂರು*

ಉತ್ತರ: ವಿಕಾಸ ಅಂದರೆ ಮೆಟ್ಟಿಲು ಹತ್ತುವುದಲ್ಲ ಮರಿ. ಯಾವ ಪ್ರಾಣಿಯೂ ಕೆಳಗಿನ ಮೆಟ್ಟಿಲಲ್ಲಿ ನಿಂತು ಮೇಲೆ ನೋಡುತ್ತಿಲ್ಲ. ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಹುಲ್ಲೆ, ಅದರ ಕಾಡಿಗೆ ಸರಿಯಾಗೇ ಇದೆ.

ಕೃಷ್ಣಮೃಗದ ಜಾಗ ಬಯಲು ಹುಲ್ಲುಗಾವಲು. ಅಲ್ಲಿ ಬಚ್ಚಿಟ್ಟುಕೊಳ್ಳಲು ಏನೂ ಇಲ್ಲ. ದೂರದಿಂದಲೇ ಶತ್ರುವನ್ನು ಕಾಣಬೇಕು, ಕಂಡ ಕೂಡಲೇ ಓಡಬೇಕು. ಹಿಂಡಿನಲ್ಲಿದ್ದರೆ ನೋಡುವ ಕಣ್ಣುಗಳೂ ಜಾಸ್ತಿ. ಅದು ಗಂಟೆಗೆ 80 ಕಿಲೋಮೀಟರ್ ತನಕ ಓಡಬಲ್ಲದು. ತೋಳದಿಂದ ತಪ್ಪಿಸಿಕೊಳ್ಳಲು ಅಷ್ಟು ವೇಗ ಬೇಕಿಲ್ಲ. ಒಂದು ಕಾಲಕ್ಕೆ ಇದೇ ಬಯಲುಗಳಲ್ಲಿ ಚೀತಾ ಇತ್ತು. ಭಾರತದಲ್ಲಿ ಚೀತಾ ಅಳಿದುಹೋಯಿತು ಅಂತ ಸರ್ಕಾರ ಘೋಷಿಸಿದ್ದು 1952ರಲ್ಲಿ. ಆ ಚೀತಾ ಆರಿಸಿ ಬಿಟ್ಟುಹೋದ ಓಟ ಇವತ್ತಿಗೂ ಕೃಷ್ಣಮೃಗದ ಕಾಲಲ್ಲಿದೆ. ಶತ್ರು ಹೋದ ಕೂಡಲೇ ಅದು ಕಳಚಿಕೊಳ್ಳುವುದಿಲ್ಲ.

ಕೊಂಡುಕುರಿಯದು ಕುರುಚಲು ಕಾಡು. ಅಲ್ಲಿ ಆ ವೇಗದಲ್ಲಿ ಓಡಿದರೆ ಮುಳ್ಳಿನ ಪೊದೆಗೆ ಸಿಕ್ಕಿಹಾಕಿಕೊಳ್ಳುವುದೇ ಸೈ. ಮೈ ಸಣ್ಣದು, ತೂಕ ಸುಮಾರು 20 ಕೆಜಿ. ಬಣ್ಣ ಒಣ ಎಲೆಯ ಕಂದು. ಒಂಟಿಯಾಗಿ ಅಥವಾ ಜೋಡಿಯಾಗಿ ಇರುತ್ತದೆ. ಅಪಾಯ ಬಂದರೆ ಮೊದಲು ಅಲ್ಲಾಡದೆ ನಿಲ್ಲುತ್ತದೆ, ಆಮೇಲೆ ಜಿಗಿದು ಪೊದೆ ಸೇರುತ್ತದೆ. ಹಿಂಡು ಕಟ್ಟಿದ್ದರೆ ಚಿರತೆಗೆ ಹುಡುಕುವ ಕೆಲಸ ಹಗುರ ಆಗುತ್ತಿತ್ತು. ನಾಲ್ಕು ಕೊಂಬು ಇರುವುದು ಗಂಡಿಗೆ ಮಾತ್ರ. 2011ರಲ್ಲಿ ನಿಮ್ಮೂರ ಹತ್ತಿರದ ಆ ಕಾಡನ್ನು ವನ್ಯಧಾಮ ಅಂತ ಘೋಷಿಸಿದ್ದೇ ಈ ಪ್ರಾಣಿಗಾಗಿ. ಶಾಲೆಯಿಂದ ಹೋಗುವ ಅವಕಾಶ ಸಿಕ್ಕರೆ ಸದ್ದು ಮಾಡದೆ ನೋಡಿ ಬಾ.

ಪ್ರಶ್ನೆ: ಬಿಟಿ ಹತ್ತಿ ಬಂದ ಹೊಸದರಲ್ಲಿ ಹುಳದ ಕಾಟವೇ ಇರಲಿಲ್ಲ. ಈಗ ಕಾಯಿ ಬಿಡಿಸಿದರೆ ಒಳಗೆ ಗುಲಾಬಿ ಹುಳ. ಔಷಧಿ ಹೊಡೆದರೂ ಬಗ್ಗಲ್ಲ. ಹುಳ ಔಷಧಿಗೆ ಅಭ್ಯಾಸ ಆಗಿಬಿಟ್ಟಿದೆ ಅಂತಾರೆ. ನಿಜವಾ? ಏನು ಮಾಡೋದು?
*— ಹತ್ತಿ ಬೆಳೆಗಾರ, ದಾವಣಗೆರೆ ತಾಲ್ಲೂಕು*

ಉತ್ತರ: ಹುಳಕ್ಕೆ ಅಭ್ಯಾಸ ಆಗಿಲ್ಲ. ಸಾಯುವ ಹುಳಗಳೆಲ್ಲ ಸತ್ತಿವೆ, ಸಾಯದವುಗಳ ಸಂತಾನ ನಿಮ್ಮ ಹೊಲದಲ್ಲಿದೆ. ಕೋಟೆಯ ಓತಿಗೆ ಗಿಡುಗ ಹೇಗೋ ಈ ಹುಳಕ್ಕೆ ಬಿಟಿ ಗಿಡವೂ ಔಷಧಿಯ ಕ್ಯಾನೂ ಹಾಗೇ.

ಬಿಟಿ ಹತ್ತಿಗೆ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಗಿಡವೇ ಒಂದು ಪ್ರೋಟೀನ್ ತಯಾರಿಸುತ್ತದೆ, ತಿಂದ ಹುಳದ ಕರುಳು ಹಾಳಾಗಿ ಸಾಯುತ್ತದೆ. ಲಕ್ಷಾಂತರ ಹುಳಗಳಲ್ಲಿ ಎಲ್ಲೋ ಒಂದೆರಡಕ್ಕೆ ಹುಟ್ಟಿನಿಂದಲೇ ಆ ಪ್ರೋಟೀನ್ ನಾಟದಂಥ ಜೀನ್ ಇರುತ್ತದೆ. ಮೊದಲು ಅದರಿಂದ ಅದಕ್ಕೆ ಏನೂ ಲಾಭ ಇರಲಿಲ್ಲ. ಊರಿಗೆ ಊರೇ ಬಿಟಿ ಹಾಕಿದ ಮೇಲೆ ಹೊಟ್ಟೆ ತುಂಬಿದ್ದು ಅದೊಂದಕ್ಕೇ. 2010ರಲ್ಲಿ ಗುಜರಾತಿನಿಂದ ಈ ಸುದ್ದಿ ಅಧಿಕೃತವಾಗಿ ಹೊರಬಂತು. ಅಷ್ಟರಲ್ಲಿ, 2006ರಲ್ಲೇ, ಎರಡು ಪ್ರೋಟೀನ್ ಇರುವ ಬೀಜ ಬಂದಿತ್ತು. 2015ರ ಹೊತ್ತಿಗೆ ಗುಲಾಬಿ ಕಾಯಿಕೊರಕ ಅದನ್ನೂ ದಾಟಿತ್ತು.

ಬೀಜದ ಪ್ಯಾಕೆಟ್ ಜೊತೆ ಬಿಟಿ ಅಲ್ಲದ ಬೀಜದ ಒಂದು ಸಣ್ಣ ಪೊಟ್ಟಣ ಬರುತ್ತಿತ್ತು, ನೆನಪಿದೆಯಾ? ಹೊಲದ ಸುತ್ತ ಹಾಕಿ ಅಂತ ಕೊಡುತ್ತಿದ್ದರು. ಹುಳ ಬೀಳುವ ಗಿಡ ಯಾಕೆ ಬೆಳೆಸಬೇಕು ಅಂತ ಬಹಳ ಜನ ಹಾಕಲೇ ಇಲ್ಲ. ರೈತರನ್ನು ನಾನು ದೂರುವುದಿಲ್ಲ. ಯಾಕೆ ಹಾಕಬೇಕು ಅಂತ ಕೂತು ಬಿಡಿಸಿ ಹೇಳಿದವರೇ ಕಡಿಮೆ. ಕಾರಣ ಇದು. ಈ ನಾಟದಿರುವ ಗುಣ ಪೂರ್ತಿ ಕೆಲಸ ಮಾಡಬೇಕಾದರೆ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು. ಸುತ್ತಲಿನ ಸಾದಾ ಹತ್ತಿಯಲ್ಲಿ ಸಾಮಾನ್ಯ ಹುಳಗಳು ಬೇಕಾದಷ್ಟು ಬದುಕಿ ಚಿಟ್ಟೆಯಾಗಿದ್ದರೆ, ಬಿಟಿ ಗಿಡದಲ್ಲಿ ಉಳಿದ ಆ ಒಂದೆರಡು ಚಿಟ್ಟೆಗಳು ಇವುಗಳ ಜೊತೆ ಕೂಡುತ್ತವೆ. ಹುಟ್ಟುವ ಮರಿಹುಳಕ್ಕೆ ಒಂದು ಕಡೆಯಿಂದ ಮಾತ್ರ ಆ ಜೀನ್. ಅದು ಬಿಟಿ ತಿಂದರೆ ಸಾಯುತ್ತದೆ. ಸಾದಾ ಹತ್ತಿಯೇ ಇಲ್ಲದಿದ್ದರೆ ಉಳಿದವು ಉಳಿದವನ್ನೇ ಕೂಡುತ್ತವೆ. ಅಲ್ಲಿಗೆ ಕತೆ ಕೆಟ್ಟಿತು. ಅರಿಜೋನಾದ ಹತ್ತಿ ರೈತರು ಈ ಸಾದಾ ಸಾಲುಗಳನ್ನು ತಪ್ಪದೆ ಹಾಕಿದ್ದರು, ಅಲ್ಲಿ ಬಿಟಿ ಬಹುಕಾಲ ಕೆಲಸ ಮಾಡಿತು. ಆಮೇಲೆ ಬಿಟಿ ಹತ್ತಿಯ ಜೊತೆ ಸಂತಾನಶಕ್ತಿ ಇಲ್ಲದ ಚಿಟ್ಟೆಗಳನ್ನೂ ಬಿಟ್ಟು, 2018ರಲ್ಲಿ ಅಮೆರಿಕ ತನ್ನ ಹತ್ತಿ ಪ್ರದೇಶದಿಂದ ಈ ಹುಳವನ್ನೇ ನಿರ್ಮೂಲ ಮಾಡಿದೆವು ಅಂತ ಘೋಷಿಸಿತು.

ನೀವು ಈಗ ಮಾಡಬಹುದಾದದ್ದು ಇದೆ. ಗುಲಾಬಿ ಕಾಯಿಕೊರಕಕ್ಕೆ ಹತ್ತಿ ಬಿಟ್ಟರೆ ಬೇರೆ ಊಟ ಇಲ್ಲ ಅನ್ನುವಷ್ಟು ಕಡಿಮೆ. ಆದ್ದರಿಂದ ಹತ್ತಿ ಇಲ್ಲದ ತಿಂಗಳುಗಳೇ ಅದಕ್ಕೆ ದೊಡ್ಡ ಪೆಟ್ಟು. ಬೇಗ ಮುಗಿಯುವ ತಳಿ ಹಾಕಿ. ಇನ್ನೊಂದು ಬಿಡಿಸು ಸಿಗುತ್ತದೆ ಅಂತ ಬೇಸಿಗೆ ತನಕ ಬೆಳೆ ಉಳಿಸಬೇಡಿ. ಕಟ್ಟಿಗೆಯನ್ನು ಕಿತ್ತು ಬದುವಿಗೆ ಒಟ್ಟಬೇಡಿ, ಒಣಗಿದ ಕಾಯಿಯೊಳಗೇ ಹುಳ ಮಲಗಿರುತ್ತದೆ. ಮುಂದಿನ ಸಲ ಬೇರೆ ಬೆಳೆ ಹಾಕಿ. ಹೂ ಬಿಡುವ ಹೊತ್ತಿಗೆ ಮೋಹಕ ಬಲೆ (ಹೆಣ್ಣು ಚಿಟ್ಟೆಯ ವಾಸನೆಯಿಂದ ಗಂಡು ಚಿಟ್ಟೆಯನ್ನು ಸೆಳೆದು ಹಿಡಿಯುವ ಬಲೆ) ಕಟ್ಟಿ. ಅರಳದೆ ಗುಲಾಬಿ ಮೊಗ್ಗಿನಂತೆ ಮುದುಡಿದ ಹೂ ಕಂಡರೆ ಕಿತ್ತು ನಾಶ ಮಾಡಿ.

ಔಷಧಿ ಹೊಡೆಯಲೇಬೇಕಾದರೆ ಒಂದೇ ಮದ್ದನ್ನು ಮತ್ತೆ ಮತ್ತೆ ಹೊಡೆಯಬೇಡಿ, ಪ್ರಮಾಣ ಹೆಚ್ಚಿಸಲೂ ಬೇಡಿ. ಬ್ರ್ಯಾಂಡ್ ಬದಲಾಯಿಸಿದರೆ ಮದ್ದು ಬದಲಾಯಿಸಿದಂತೆ ಅಲ್ಲ. ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ತಾಂತ್ರಿಕ ಹೆಸರು ಇರುತ್ತದೆ. ಎರಡು ಡಬ್ಬಿಯ ಮೇಲೂ ಅದೇ ಹೆಸರಿದ್ದರೆ ಎರಡೂ ಒಂದೇ. ಹೆಸರು ಬೇರೆ ಇದ್ದರೂ ಹುಳವನ್ನು ಕೊಲ್ಲುವ ರೀತಿ ಒಂದೇ ಇರಬಹುದು. ಹಾಗಾಗಿ ಖಾಲಿ ಡಬ್ಬಿಗಳನ್ನು ಹಿಡಿದುಕೊಂಡು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, 'ಇದುವರೆಗೆ ಇವನ್ನು ಹೊಡೆದಿದ್ದೇನೆ, ಇವುಗಳ ಗುಂಪಿಗೆ ಸೇರದ ಮದ್ದು ಯಾವುದು' ಅಂತ ಕೇಳಿ. ಹಿರಿಯೂರು ಕಡೆಯವರಿಗೆ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರವೇ ಹತ್ತಿರ. ಅಕ್ಕಪಕ್ಕದ ಹೊಲದವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಚಿಟ್ಟೆ ಬದು ದಾಟಿ ಹಾರುತ್ತದೆ, ನೀವೊಬ್ಬರೇ ಮಾಡಿದರೆ ಸಾಲದು.